ಹೆಪ್ಪು ಇದೆ, ಹಾಲು ಎಲ್ಲಿ?

ಮೊನ್ನೆ ಭಾನುವಾರ ನಮ್ಮ ಬೀದಿಯ ಕೊನೇ ಮನೆ ಆಂಟಿ ಕೈಯಲ್ಲಿ ಒಂದು ಬಾಟಲಿ ಹಿಡಿದುಕೊಂಡು ಬಂದರು. "ನೋಡಮ್ಮ, ಇದನ್ನ ಹಾಕೋಕೆ ಶುರು ಮಾಡಿ ಎರಡು ತಿಂಗಳಾಯ್ತು. ಟೊಮೇಟೊ ಗಿಡ ಇದ್ದ ಹಾಗೇ ಇದೆ. ಒಳ್ಳೇ ಬ್ಯಾಕ್ಟೀರಿಯಾ ಅಂತ ಬರೆದಿದ್ದಾರೆ, ಎಲ್ಲಿ ಹೋದವು ಅವೆಲ್ಲ?" ಅಂದರು. ಬಾಟಲಿ ತಿರುಗಿಸಿ ನೋಡಿದೆ. ಯಾವ ಬ್ಯಾಕ್ಟೀರಿಯಾ ಅಂತ ಹೆಸರಿಲ್ಲ. ಎಷ್ಟಿವೆ ಅಂತ ಲೆಕ್ಕ ಇಲ್ಲ. ತಯಾರಾದ ತಾರೀಕು ಅಳಿಸಿಹೋಗಿದೆ. ಮೂರು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ಬಾಟಲಿಗೆ 450 ರೂಪಾಯಿ ಕೊಟ್ಟಿದ್ದೆ. ಅದಕ್ಕೇ ಇವತ್ತು ಕೂತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ, ಕೈತೋಟ ಮಾಡುವವರು ದಯವಿಟ್ಟು ಪೂರ್ತಿ ಓದಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಜೀವಾಣು ಗೊಬ್ಬರದ, ಅಂದರೆ ಹೀಗೆ ಒಳ್ಳೇ ಜೀವಾಣುಗಳನ್ನು ತುಂಬಿ ಮಾರುವ ಪುಡಿ, ದ್ರವಗಳ ವಿರೋಧಿ ಅಲ್ಲ. ನಮ್ಮ ತಾರಸಿಯಲ್ಲಿ ನಲವತ್ತಕ್ಕೂ ಜಾಸ್ತಿ ಗ್ರೋ ಬ್ಯಾಗ್ ಇವೆ, ಬೀಜ ಹಾಕುವಾಗ ಅದನ್ನು ಬಳಸದೆ ಇರುವುದಿಲ್ಲ. ಆದರೆ ಅಂಗಡಿಯವರು ಅದನ್ನು ಟಾನಿಕ್ ಥರ ಮಾರುತ್ತಾರೆ, ನಾವೂ ಟಾನಿಕ್ ಥರ ವಾರಕ್ಕೊಂದು ಸಲ ಸುರಿಯುತ್ತೇವೆ. ಅದು ಟಾನಿಕ್ ಅಲ್ಲ. ಹೆಪ್ಪು.

ಹೆಪ್ಪು ಹಾಕುವುದು ನಮಗೆ ಯಾರೂ ಕಲಿಸಬೇಕಾಗಿಲ್ಲ, ಅಲ್ವಾ? ಒಂದು ಚಮಚ ಮೊಸರು, ಉಗುರುಬೆಚ್ಚಗಿನ ಹಾಲು, ಮುಚ್ಚಿಟ್ಟರೆ ಬೆಳಿಗ್ಗೆಗೆ ಗಟ್ಟಿ ಮೊಸರು. ಅದೇ ಚಮಚ ಮೊಸರನ್ನು ಒಂದು ಪಾತ್ರೆ ನೀರಿಗೆ ಹಾಕಿ ರಾತ್ರಿಯೆಲ್ಲ ಕಾದರೂ ಏನೂ ಆಗಲ್ಲ. ಕುದಿಯುವ ಹಾಲಿಗೆ ಹಾಕಿದರೂ ಆಗಲ್ಲ. ಆಗ ನಾವು ಹೆಪ್ಪನ್ನು ಬೈಯುತ್ತೇವಾ? ಗಿಡದ ವಿಷಯದಲ್ಲಿ ಮಾತ್ರ ಹಾಲು ಇದೆಯಾ ಅಂತ ನೋಡುವುದೇ ಇಲ್ಲ. ನಾನು ಆ ಬಾಟಲಿ ಸುರಿದದ್ದು ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಚೀಲಕ್ಕೆ. ಗೊಬ್ಬರ ಒಂದು ಹಿಡಿ ಇಲ್ಲ, ಮೇಲೆ ಹೊದಿಕೆ ಇಲ್ಲ, ಏಪ್ರಿಲ್ ಬಿಸಿಲು, ಕಪ್ಪು ಚೀಲ ಮುಟ್ಟಿದರೆ ಕೈ ಸುಡುತ್ತಿತ್ತು. ಅಲ್ಲಿ ಯಾವ ಜೀವಾಣು ತಾನೇ ಬದುಕಬೇಕು? ಏನು ತಿನ್ನಬೇಕು?

ಒಂದು ಲೆಕ್ಕ ಹೇಳುತ್ತೇನೆ. ನಮ್ಮ ದೇಶದಲ್ಲಿ ಜೀವಾಣು ಗೊಬ್ಬರಗಳನ್ನು 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದರು. ಅದರ ಪ್ರಕಾರ ಗಾಳಿಯ ಸಾರಜನಕ ಹಿಡಿಯುವ ರೈಜೋಬಿಯಂ, ಅಜೋಸ್ಪಿರಿಲಂ, ಮಣ್ಣಿನ ರಂಜಕ ಕರಗಿಸುವ ಬ್ಯಾಕ್ಟೀರಿಯಾ ಇವೆಲ್ಲ ಪುಡಿ ರೂಪದಲ್ಲಿದ್ದರೆ ಒಂದು ಗ್ರಾಮಿಗೆ ಕನಿಷ್ಠ 5 ಕೋಟಿ ಜೀವಂತ ಜೀವಾಣು ಇರಬೇಕು, ದ್ರವವಾದರೆ ಒಂದು ಮಿಲಿಲೀಟರಿಗೆ 10 ಕೋಟಿ. ಕೇಳಲಿಕ್ಕೆ ದೊಡ್ಡ ಸಂಖ್ಯೆ. ಆದರೆ ಗೊಬ್ಬರ ತಿಂದ ಒಳ್ಳೇ ಮಣ್ಣಿನ ಒಂದೇ ಒಂದು ಗ್ರಾಮಿನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಒಂದು ಚೀಲದಲ್ಲಿ ಹತ್ತು ಕೆಜಿ ಮಣ್ಣಿದೆ ಅಂದುಕೊಳ್ಳಿ. ನಾವು ಹಾಕುವ ಎರಡು ಚಮಚ ಪುಡಿ ಅಲ್ಲಿ ಜಾತ್ರೆಗೆ ಬಂದ ನಾಲ್ಕು ಜನ ಇದ್ದ ಹಾಗೆ. ಮಣ್ಣು ಚೆನ್ನಾಗಿದ್ದರೆ ಅಲ್ಲಿ ಆಗಲೇ ಊರು ತುಂಬಿದೆ, ಹೊಸಬರಿಗೆ ಜಾಗ ಸಿಗುವುದು ಕಷ್ಟ. ಮಣ್ಣು ಸತ್ತಿದ್ದರೆ ಬಂದವರಿಗೆ ಊಟವೇ ಇಲ್ಲ.

ಹಾಗಾದರೆ ಎಲ್ಲಿ ಉಪಯೋಗ? ಎಲ್ಲಿ ಊಟ ಇದ್ದೂ ಇನ್ನೂ ಯಾರೂ ನೆಲೆಯೂರಿಲ್ಲವೋ ಅಲ್ಲಿ. ಅಂದರೆ ಬೀಜದ ಮೇಲೆ, ಸಸಿ ಟ್ರೇಯಲ್ಲಿ, ಹೊಸದಾಗಿ ಕಲಸಿದ ಮಣ್ಣಲ್ಲಿ, ಹೋದ ಸಲ ಸೊರಗು ರೋಗ ಬಂದು ಗಿಡ ಸತ್ತ ಚೀಲದಲ್ಲಿ. ಬೇರು ಮೊದಲ ಸಲ ಹೊರಗೆ ಬರುವಾಗ ಅದರ ಸುತ್ತ ಯಾರು ಮೊದಲು ಮನೆ ಕಟ್ಟುತ್ತಾರೆ ಅನ್ನುವುದೇ ಮುಖ್ಯ. ಬೇರು ಸುಮ್ನೆ ನೀರು ಹೀರುವ ಕೊಳವೆ ಅಲ್ಲ, ಎಲೆ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಸುತ್ತಲಿನ ಮಣ್ಣಿಗೆ ಸೋರಿಸುತ್ತದೆ, ಅದನ್ನು ತಿನ್ನಲು ಜೀವಾಣುಗಳು ಮುತ್ತಿಕೊಳ್ಳುತ್ತವೆ. ಬೇರಿನ ಪಕ್ಕದ ಈ ಜಾಗಕ್ಕೆ ರೈಜೋಸ್ಫಿಯರ್ ಅಂತ ಹೆಸರಿಟ್ಟವನು ಜರ್ಮನಿಯ ಲೊರೆಂಜ್ ಹಿಲ್ಟ್ನರ್, 1904ರಲ್ಲಿ. ಅದಕ್ಕೂ ಮೊದಲು, 1896ರಲ್ಲೇ, ಅವನೂ ನೋಬೆ ಎಂಬ ಇನ್ನೊಬ್ಬ ವಿಜ್ಞಾನಿಯೂ ಸೇರಿ ದ್ವಿದಳ ಬೆಳೆಗಳಿಗೆ ರೈಜೋಬಿಯಂ ಕೊಡುವ ಕ್ರಮಕ್ಕೆ ಪೇಟೆಂಟ್ ಪಡೆದಿದ್ದರು, ಅದು ನೈಟ್ರಜಿನ್ ಅನ್ನುವ ಹೆಸರಲ್ಲಿ ಮಾರಾಟವಾಯಿತು. ಒಂದೊಂದು ಬೆಳೆಗೂ ಬೇರೆ ಬೇರೆ ಬಾಟಲಿ! ಈಗ ನೋಡಿದರೆ "ಎಲ್ಲಾ ಗಿಡಕ್ಕೂ ರೈಜೋಬಿಯಂ" ಅಂತ ಮಾರುವವರಿದ್ದಾರೆ. ಟೊಮೇಟೊಗೆ ರೈಜೋಬಿಯಂ ಹಾಕಿ ಬೇರಲ್ಲಿ ಗಂಟು ಬರಲಿ ಅಂತ ಕಾಯಬೇಡಿ, ಬರಲ್ಲ. ಅವರೆ, ಅಲಸಂದೆ, ಕಡಲೆಕಾಯಿ ಇಂಥವಕ್ಕೆ ಮಾತ್ರ ಆ ನಂಟು: ರೈಜೋಬಿಯಂ ಬೇರಿನ ಗಂಟಿನೊಳಗೆ ಇದ್ದು ಸಾರಜನಕ ಹಿಡಿದುಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ.

ಈ ನಂಟನ್ನು ಕಣ್ಣಾರೆ ನೋಡಬಹುದು. ಹೋದ ವರ್ಷ ನಾನು ಅಲಸಂದೆಯನ್ನು ಎರಡು ಚೀಲದಲ್ಲಿ ಹಾಕಿದ್ದೆ. ಒಂದಕ್ಕೆ ಬೀಜಕ್ಕೆ ರೈಜೋಬಿಯಂ ಹಚ್ಚಿದ್ದೆ, ಹಳೇ ಸಗಣಿ ಗೊಬ್ಬರ ಹಾಕಿದ್ದೆ. ಇನ್ನೊಂದು ನಮ್ಮ ಮನೆಯವರ ಪಾಲಿನದು, ಎಲೆ ಹಳದಿ ಕಾಣಿಸಿತು ಅಂತ ಎರಡು ಸಲ ಯೂರಿಯಾ ಕೊಟ್ಟಿದ್ದರು. ನಲವತ್ತು ದಿನ ಆದ ಮೇಲೆ ಒಂದೊಂದು ಗಿಡ ಮೆಲ್ಲಗೆ ಎಬ್ಬಿಸಿ, ಬೇರನ್ನು ಬಕೆಟ್ ನೀರಲ್ಲಿ ಅದ್ದಿ ತೊಳೆದೆ. ನನ್ನ ಗಿಡದ ಬೇರಿಗೆ ಸಾಸಿವೆ ಕಾಳಿನಿಂದ ಹಿಡಿದು ಮೆಣಸಿನ ಕಾಳಿನಷ್ಟು ದಪ್ಪದವರೆಗೆ ಗಂಟುಗಳು ಅಂಟಿಕೊಂಡಿದ್ದವು. ಒಂದನ್ನು ಬ್ಲೇಡಿನಿಂದ ಕೊಯ್ದೆ. ಒಳಗೆ ಕೆಂಪು! ಹಸಿ ಮಾಂಸದ ಬಣ್ಣ, ಬೆರಳಿಗೆ ಹತ್ತಿತು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಸಂಬಂಧಿಯೇ ಅಲ್ಲಿರುವುದು, ಗಂಟಿನೊಳಗಿನ ಆಮ್ಲಜನಕವನ್ನು ಹತೋಟಿಯಲ್ಲಿಡುತ್ತದೆ, ಇಲ್ಲದಿದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುವುದಿಲ್ಲ. ಒಳಗೆ ಕೆಂಪಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಯೂರಿಯಾ ತಿಂದ ಗಿಡದ ಎಲೆ ಕಡು ಹಸಿರು, ಬಳ್ಳಿ ಉದ್ದ, ಬೇರಲ್ಲಿ ಮಾತ್ರ ಎಣಿಸಿ ಮೂರೋ ನಾಲ್ಕೋ ಬಿಳೀ ಗಂಟು. ತಟ್ಟೆಗೆ ಬಡಿಸಿದ ಊಟ ಬಂದ ಮೇಲೆ ಗಿಡ ಯಾಕೆ ಸಕ್ಕರೆ ಕೊಟ್ಟು ಜೀವಾಣುಗಳನ್ನು ಸಾಕುತ್ತದೆ ಹೇಳಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ಯೂರಿಯಾ ಇಲ್ಲ. ಯಾರೂ ವಾದ ಮಾಡಲಿಲ್ಲ, ಆ ಕೆಂಪು ಗಂಟು ನೋಡಿದ್ದೇ ಸಾಕಾಯಿತು.

ಇನ್ನೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಟ್ರೈಕೋಡರ್ಮಾವನ್ನೂ ಬ್ಯಾಕ್ಟೀರಿಯಾ ಅಂದುಕೊಳ್ಳುತ್ತಾರೆ. ಅದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ, ರೋಗ ತರುವ ಬೇರೆ ಶಿಲೀಂಧ್ರಗಳನ್ನು ತಿನ್ನುವ ಒಳ್ಳೇ ಬೂಷ್ಟು. ಸಣ್ಣ ಸಸಿಗಳು ಕತ್ತಿನ ಹತ್ತಿರ ಕೊಳೆತು ರಾತ್ರೋರಾತ್ರಿ ಮಲಗಿಬಿಡುತ್ತವಲ್ಲ, ಅದಕ್ಕೆ ಇದು ಒಳ್ಳೇ ಕಾವಲು. ನಮ್ಮ ಅಮ್ಮನ ಊರು ತೀರ್ಥಹಳ್ಳಿ ಕಡೆ, ಅಲ್ಲಿ ಕಾಳುಮೆಣಸಿನ ಬಳ್ಳಿಗೆ ಸೊರಗು ರೋಗ ಬರದ ಹಾಗೆ ಮಳೆಗಾಲದ ಮೊದಲು ಬೇವಿನ ಹಿಂಡಿಯಲ್ಲಿ ಟ್ರೈಕೋಡರ್ಮಾ ಕಲಸಿ ಬುಡಕ್ಕೆ ಹಾಕುತ್ತಾರೆ. ಗಮನಿಸಿ, ಹಿಂಡಿಯಲ್ಲಿ ಕಲಸಿ! ಹೆಪ್ಪಿನ ಜೊತೆ ಹಾಲನ್ನೂ ಕೊಟ್ಟ ಹಾಗೆ. ಅದೇ ವಾರ ಯಾರೂ ಬುಡಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ ಶಿಲೀಂಧ್ರನಾಶಕ) ಸುರಿಯುವುದಿಲ್ಲ, ತಾಮ್ರ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ ಅಂತ ಅವರಿಗೆ ಗೊತ್ತು. ನಾವು ಪಟ್ಟಣದವರು ಇವತ್ತು ಶಿಲೀಂಧ್ರನಾಶಕ ಹೊಡೆದು ನಾಳೆ ಟ್ರೈಕೋಡರ್ಮಾ ಹಾಕುತ್ತೇವೆ. ಅಂಗಡಿಯಿಂದ ತಂದ ಗುಲಾಬಿ ಬಣ್ಣ ಹಚ್ಚಿದ ಹೈಬ್ರಿಡ್ ಬೀಜಕ್ಕೂ ಟ್ರೈಕೋಡರ್ಮಾ ಸವರುತ್ತೇವೆ. ಆ ಬಣ್ಣದ ಜೊತೆ ಸಾಮಾನ್ಯವಾಗಿ ಶಿಲೀಂಧ್ರನಾಶಕವೂ ಇರುತ್ತದೆ, ಸವರಿದ್ದು ದಂಡ.

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಅಂತ ಒಂದು ಮಾಡಿದ್ದಾರೆ. ಸಾರಜನಕ ಹಿಡಿಯುವವು, ರಂಜಕ ಮತ್ತು ಸತು ಕರಗಿಸುವವು, ಬೆಳವಣಿಗೆಗೆ ಸಹಾಯ ಮಾಡುವವು, ಎಲ್ಲ ಒಂದೇ ಪುಡಿಯಲ್ಲಿ. ನಮ್ಮ ಕೆಂಪು ಮಣ್ಣಿಗೆ ರಂಜಕ ಕರಗಿಸುವುದು ಮುಖ್ಯ, ಯಾಕೆಂದರೆ ಇಲ್ಲಿ ಕಬ್ಬಿಣದ ಅಂಶ ಜಾಸ್ತಿ, ಅದು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾಗಳು ಬಿಡುವ ಆಮ್ಲ ಆ ಹಿಡಿತ ಸಡಿಲಿಸುತ್ತದೆ. ನಾನು ತಂದ ಪುಡಿಗೆ ನನ್ನ ಹಳೇ ಬಾಟಲಿಯ ಬೆಲೆಯ ಕಾಲು ಭಾಗವೂ ಆಗಲಿಲ್ಲ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೂ ಜೀವಾಣು ಗೊಬ್ಬರ ಸಿಗುತ್ತದೆ, ಕೃಷಿ ಮೇಳಕ್ಕೆ ಹೋದಾಗ ವಿಚಾರಿಸಿ. ಎಲ್ಲೇ ಕೊಳ್ಳಿ, ಜೀವಾಣುವಿನ ಹೆಸರು, ಸಂಖ್ಯೆ, ತಯಾರಾದ ತಾರೀಕು, ಮುಗಿಯುವ ತಾರೀಕು ಈ ನಾಲ್ಕೂ ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ. ಅಂಗಡಿಯ ಮುಂದೆ ಬಿಸಿಲಲ್ಲಿ ಜೋಡಿಸಿಟ್ಟಿದ್ದರೆ ಹೆಸರು ಎಷ್ಟೇ ದೊಡ್ಡದಾಗಿದ್ದರೂ ಬೇಡ.

ಬಳಸುವ ರೀತಿ ಏನೂ ಕಷ್ಟ ಇಲ್ಲ. ಸ್ವಲ್ಪ ಬೆಲ್ಲದ ನೀರು ಮಾಡಿ, ಆರಿದ ಮೇಲೆ ಅದರಲ್ಲಿ ಪುಡಿ ಕಲಸಿ, ಬೀಜಕ್ಕೆ ತೆಳ್ಳಗೆ ಹಚ್ಚಿ, ನೆರಳಲ್ಲಿ ಅರ್ಧ ಗಂಟೆ ಹರಡಿ, ಆಮೇಲೆ ಬಿತ್ತಿ. ದೊಡ್ಡ ಚೀಲಕ್ಕಾದರೆ ಪುಡಿಯನ್ನು ಹಳೇ ಗೊಬ್ಬರದಲ್ಲಿ ಕಲಸಿ, ತೇವ ಮಾಡಿ, ಗೋಣಿ ತಾಟು ಮುಚ್ಚಿ ಒಂದು ವಾರ ನೆರಳಲ್ಲಿಟ್ಟು ಹಾಕುತ್ತೇನೆ. ಸಂಜೆ ಹೊತ್ತು, ಮಣ್ಣು ಒದ್ದೆ ಇರುವಾಗ. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಬಕೆಟ್‌ನಲ್ಲಿ ರಾತ್ರಿ ತೆರೆದಿಟ್ಟು ಬಳಸಿ. ಒಣ ಪುಡಿ ಮೂಗಿಗೆ ಹೋಗದ ಹಾಗೆ ಬಟ್ಟೆ ಕಟ್ಟಿಕೊಳ್ಳಿ, ಉಬ್ಬಸ ಇರುವವರಂತೂ ಕಡ್ಡಾಯ.

ಜೀವಾಮೃತದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮಾಡಿ, ನಾನೂ ಮಾಡುತ್ತೇನೆ. ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಹೇಳುವ ಅಳತೆ 200 ಲೀಟರ್ ನೀರಿಗೆ, ಅದನ್ನೇ ಇಳಿಸಿಕೊಂಡರೆ ಹತ್ತು ಲೀಟರ್ ಬಕೆಟ್‌ಗೆ ಅರ್ಧ ಕೆಜಿ ನಾಟಿ ಹಸುವಿನ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ದ್ವಿದಳ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿ ಇಟ್ಟು ದಿನಕ್ಕೆರಡು ಸಲ ತಿರುಗಿಸಬೇಕು. ಇದರಲ್ಲಿ ನನಗೆ ಇಷ್ಟ ಏನೆಂದರೆ ಹೆಪ್ಪಿನ ಜೊತೆ ಊಟವೂ ಅದರಲ್ಲೇ ಇದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನ, ಸೌತೆಯ ಮೇಲೆ ಸಗಣಿಯ ದ್ರವ ಎರಚಬೇಡಿ. ಸಗಣಿಯಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾವೂ ಇರುತ್ತವೆ. ಬುಡಕ್ಕೆ ಹಾಕಿ, ಅದೂ ಕೊಯ್ಲು ಹತ್ತಿರ ಇರುವಾಗ ಬೇಡ. ಮಕ್ಕಳಿರುವ ಮನೆಯವರು ಇದನ್ನು ಮರೆಯಬೇಡಿ.

ಹಾಲು ಎಲ್ಲಿಂದ ತರುವುದು ಅಂತೀರಾ? ಅಮ್ಮನ ಮನೆಯಲ್ಲಿ ದರಗು (ಉದುರಿದ ಒಣ ಎಲೆ) ಗುಡಿಸಿ ತಂದು ಕೊಟ್ಟಿಗೆಗೆ ಹಾಸುತ್ತಿದ್ದರು, ಅದು ಗೊಬ್ಬರದ ಗುಂಡಿಗೆ ಹೋಗಿ ವರ್ಷಕ್ಕೆ ಕಪ್ಪಗೆ ಉದುರುದುರಾಗಿ ಬರುತ್ತಿತ್ತು. ಅಕ್ಕಚ್ಚು, ಅಂದರೆ ಅಕ್ಕಿ ತೊಳೆದ ನೀರು ಕೂಡ ದಂಡ ಮಾಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಹೊಂಗೆ ಮರದ ಎಲೆಯನ್ನು ಗುಡಿಸಿ ಸುಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಈಗ ನಾನು ಪೌರಕಾರ್ಮಿಕ ಅಕ್ಕನ ಹತ್ತಿರ ಕೇಳಿಕೊಂಡಿದ್ದೇನೆ, ವಾರಕ್ಕೆ ಎರಡು ಚೀಲ ಎಲೆ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗುತ್ತಾರೆ. ಅರ್ಧ ಗೊಬ್ಬರದ ಡ್ರಮ್ಮಿಗೆ, ಅರ್ಧ ಗಿಡದ ಬುಡಕ್ಕೆ ಹೊದಿಕೆ.

ಆಂಟಿಯ ಚೀಲವನ್ನು ನಿನ್ನೆ ಸಂಜೆ ಇಬ್ಬರೂ ಸೇರಿ ಬುಡಮೇಲು ಮಾಡಿದೆವು. ಕೋಕೋಪೀಟ್ ಒಳಗೆಲ್ಲ ಒಣಗಿ ಮುದ್ದೆಯಾಗಿತ್ತು, ಒಂದು ಎರೆಹುಳ ಇಲ್ಲ, ವಾಸನೆಯೂ ಇಲ್ಲ. ಅದಕ್ಕೆ ಸಮ ಕೆಂಪು ಮಣ್ಣು, ಸಮ ನನ್ನ ಡ್ರಮ್ಮಿನ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಕಲಸಿದೆವು. ಟೊಮೇಟೊ ಬೇಡ, ಮೊದಲು ಅಲಸಂದೆ ಹಾಕೋಣ ಅಂದೆ. ಬೀಜಕ್ಕೆ ಬೆಲ್ಲದ ನೀರಲ್ಲಿ ರೈಜೋಬಿಯಂ ಕಲಸಿ ಹಚ್ಚಿದ್ದು ಅವರೇ. ನಲವತ್ತು ದಿನಕ್ಕೆ ಒಂದು ಗಿಡ ಕೀಳುತ್ತೇವೆ. ಗಂಟು ಕೊಯ್ದ ಫೋಟೋ ಇಲ್ಲೇ ಹಾಕುತ್ತೇನೆ, ಕೆಂಪಿದ್ದರೂ ಸರಿ, ಬಿಳಿಯಿದ್ದರೂ ಸರಿ.