ಮೊಂಬಾಸಾ ರೈಲಿನ ಸಾಲದ ಕಾಗದ

ನೈರೋಬಿಯಲ್ಲಿ ನಾವು ನಾಲ್ಕು ಜನ ಕನ್ನಡದವರು ಸೇರಿದರೆ ಚೀನಾದ ಮಾತು ಬಂದೇ ಬರುತ್ತದೆ. ‘ಆಫ್ರಿಕಾವನ್ನು ಚೀನಾ ಕೊಂಡುಕೊಂಡೇ ಬಿಟ್ಟಿತು’ ಅಂತ ಯಾರೋ ಒಬ್ಬರು ಹೇಳುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕೀನ್ಯಾದ ಹೊಸ ರೈಲಿನ ಕಥೆ ನೋಡಿದರೆ, ಸಾಲ ಯಾವ ದೇಶದ್ದು ಅನ್ನುವುದಕ್ಕಿಂತ ಅದು ಯಾವ ದುಡ್ಡಿನಲ್ಲಿತ್ತು, ಅದರ ಕಾಗದ ಯಾರ ಕಣ್ಣಿಗೆ ಬಿತ್ತು ಅನ್ನುವುದೇ ದೊಡ್ಡದು.

ಬಂದರು ಊರು ಮೊಂಬಾಸಾದಿಂದ ರಾಜಧಾನಿ ನೈರೋಬಿಗೆ ಬರುವ ಈ ರೈಲು ಶುರುವಾದದ್ದು 2017ರ ಮೇ 31ರಂದು. ದೂರ ಸುಮಾರು 470 ಕಿ.ಮೀ. ಖರ್ಚಿನ ಶೇ. 90ರಷ್ಟು ಚೀನಾದ ಸರ್ಕಾರಿ ಬ್ಯಾಂಕಾದ ಎಕ್ಸಿಮ್ ಬ್ಯಾಂಕಿನ ಸಾಲ. ಹಳಿ ಹಾಕಿದ್ದು ಚೀನಾದ ಸರ್ಕಾರಿ ಕಂಪನಿ, ಇಂಜಿನ್ನು ಬೋಗಿ ಅಲ್ಲಿಂದಲೇ ಬಂದವು, ಮೊದಮೊದಲು ಗಾಡಿ ಓಡಿಸಿದವರೂ ಅವರೇ. ರೈಲು ಚೆನ್ನಾಗಿದೆ, ಅದನ್ನು ಹೇಳಲೇಬೇಕು. ಬ್ರಿಟಿಷರ ಕಾಲದ ಹಳಿಯ ಮೇಲೆ ರಾತ್ರಿಯಿಡೀ ಹಿಡಿಯುತ್ತಿದ್ದ ದಾರಿ ಈಗ ಐದಾರು ಗಂಟೆ. ತ್ಸಾವೋ ಕಾಡಿನಲ್ಲಿ ಆನೆಗಳು ದಾಟಲು ಹಳಿಯ ಕೆಳಗೆ ಜಾಗ ಬಿಟ್ಟಿದ್ದಾರೆ.

ಸಾಲ ತೀರಬೇಕಿದ್ದದ್ದು ಸರಕು ಸಾಗಣೆಯಿಂದ. ಸರಕು ಅಂದುಕೊಂಡಷ್ಟು ಬರಲಿಲ್ಲ. ಲಾರಿಯಾದರೆ ಬಂದರಿನಿಂದ ನೇರ ಗೋಡೌನ್ ಬಾಗಿಲಿಗೆ. ರೈಲಾದರೆ ನೈರೋಬಿಯಲ್ಲಿ ಇಳಿಸಿ ಮತ್ತೆ ಲಾರಿಗೇ ಹೇರಬೇಕು. ಆಮದು ಕಂಟೈನರ್ ರೈಲಿನಲ್ಲೇ ಹೋಗಬೇಕು ಅಂತ ಸರ್ಕಾರ ಹೇರಲು ಹೋದಾಗ ಮೊಂಬಾಸಾದ ಲಾರಿಯವರು ಬೀದಿಗಿಳಿದರು. ನೈರೋಬಿ ದಾಟಿ ಉಗಾಂಡಾ ಗಡಿಯ ಮಲಬಾ ಮುಟ್ಟಬೇಕಿದ್ದ ಹಳಿ 2019ರಲ್ಲಿ ನೈವಾಶಾ ಕಡೆಯೇ ನಿಂತಿತು. ಮುಂದಕ್ಕೆ ಸಾಲ ಸಿಗಲಿಲ್ಲ.

ಇದಕ್ಕಿಂತ ಜಾಸ್ತಿ ಹೊಡೆದದ್ದು ಡಾಲರ್. 2014ರಲ್ಲಿ ಸಾಲದ ಸಹಿಯಾದಾಗ ಒಂದು ಡಾಲರಿಗೆ ಸುಮಾರು 87 ಕೀನ್ಯಾ ಶಿಲ್ಲಿಂಗ್. 2024ರ ಜನವರಿಯಲ್ಲಿ 160ರ ಆಸುಪಾಸು. ರೈಲು ದುಡಿಯುವುದು ಶಿಲ್ಲಿಂಗ್‌ನಲ್ಲಿ, ಕಂತು ಕಟ್ಟುವುದು ಡಾಲರ್‌ನಲ್ಲಿ. ಒಂದು ಮೀಟರ್ ಹಳಿಯೂ ಹೆಚ್ಚದೆ ಸಾಲದ ಹೊರೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ರೈಲಿನ ಖರ್ಚಿಗೆಂದೇ ಆಮದು ಸರಕಿನ ಮೇಲೆ 2013ರಿಂದ ರೈಲ್ವೆ ಸುಂಕವಿದೆ. ಆ ರೈಲನ್ನು ಕಣ್ಣಲ್ಲೂ ನೋಡದ, ದೂರದ ಉತ್ತರದ ತುರ್ಕಾನಾದ ಅಂಗಡಿಯವನೂ ಅದನ್ನು ಕೊಡುತ್ತಾನೆ.

ನಾನು ಉಡುಪಿ ಕಡೆಯವನು. ಹಾಗಾಗಿ ಕೊಂಕಣ ರೈಲು ನೆನಪಾಗುತ್ತದೆ. 1990ರಲ್ಲಿ ಅದಕ್ಕಾಗಿ ನಿಗಮ ಮಾಡಿದಾಗ ಅದರ ಬಂಡವಾಳದಲ್ಲಿ ಕೇಂದ್ರದ ಪಾಲು ಶೇ. 51, ಕರ್ನಾಟಕದ್ದು ಶೇ. 15, ಉಳಿದದ್ದು ಮಹಾರಾಷ್ಟ್ರ, ಗೋವಾ, ಕೇರಳದ್ದು. ಹಳಿ ಹಾಕಲು ಬೇಕಾದ ಮಿಕ್ಕ ಹಣದ ದೊಡ್ಡ ಭಾಗ ದೇಶದೊಳಗೇ ಬಾಂಡ್, ಅಂದರೆ ಸಾಲಪತ್ರ, ಮಾರಿ ಎತ್ತಿದ್ದು. 1998ರಲ್ಲಿ ಇಡೀ ದಾರಿ ತೆರೆಯಿತು. ಅದೇನೂ ಸುಖದ ಕಥೆಯಲ್ಲ. ಬಡ್ಡಿ ಕಟ್ಟಲಾಗದೆ ನಿಗಮ ಒದ್ದಾಡಿತು, ಕೇಂದ್ರ ಕೈಹಿಡಿಯಬೇಕಾಯಿತು. ಆದರೆ ಸಾಲ ರೂಪಾಯಿಯದು, ಬಡ್ಡಿ ಹೋದದ್ದು ನಮ್ಮವರ ಕೈಗೇ. ರೂಪಾಯಿ ಬಿದ್ದರೂ ಆ ಸಾಲ ಊದಿಕೊಳ್ಳಲಿಲ್ಲ. ಕೀನ್ಯಾ ಇದನ್ನು ಹಾಗೇ ಮಾಡಬಹುದಿತ್ತು ಅಂತ ನಾನು ಹೇಳುವುದಿಲ್ಲ. ಇಲ್ಲಿನ ಬ್ಯಾಂಕುಗಳಲ್ಲಿ ಅಷ್ಟು ಉಳಿತಾಯವಿಲ್ಲ. ಹೊರಗಿನ ಸಾಲ ಬೇಕೇ ಬೇಕು. ಹಾಗಿದ್ದ ಮೇಲೆ ಷರತ್ತುಗಳನ್ನು ಜನ ಮೊದಲೇ ನೋಡಬೇಕಿತ್ತು, ಅಲ್ವಾ?

ನೋಡಲಿಲ್ಲ. ರೈಲಿನ ಗುತ್ತಿಗೆ ಕೊಟ್ಟ ರೀತಿ ಕಾನೂನಿಗೆ ವಿರುದ್ಧ ಅಂತ ಇಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2020ರಲ್ಲಿ, ಗಾಡಿ ಓಡಲು ಶುರುವಾಗಿ ಮೂರು ವರ್ಷದ ಮೇಲೆ. ಸಾಲದ ಒಪ್ಪಂದದ ಕೆಲವು ಪುಟಗಳನ್ನು ಸಾರಿಗೆ ಸಚಿವರು ಜನರ ಮುಂದಿಟ್ಟದ್ದು 2022ರ ನವೆಂಬರ್‌ನಲ್ಲಿ. ಜಗಳವಾದರೆ ತೀರ್ಮಾನ ಬೀಜಿಂಗ್‌ನಲ್ಲಿ, ಒಪ್ಪಂದದ ವಿವರ ಯಾರಿಗೂ ಹೇಳುವಂತಿಲ್ಲ ಅಂತ ಅದರಲ್ಲೇ ಬರೆದಿತ್ತು.

ಇದು ಚೀನಾದ ಒಬ್ಬರದೇ ಚಾಳಿಯಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. 2024ರಲ್ಲಿ ನೈರೋಬಿ ವಿಮಾನ ನಿಲ್ದಾಣವನ್ನು 30 ವರ್ಷಕ್ಕೆ ಅದಾನಿ ಗುಂಪಿಗೆ ಕೊಡುವ ಪ್ರಸ್ತಾಪ ಜನರಿಗೆ ತಿಳಿದದ್ದೂ ಕಾಗದ ಸೋರಿದ ಮೇಲೆಯೇ. ನೌಕರರು ಮುಷ್ಕರ ಹೂಡಿದರು. ಅಮೆರಿಕದಲ್ಲಿ ಅದಾನಿ ಮೇಲೆ ಆರೋಪಪಟ್ಟಿ ಬಂದ ಮೇಲೆ, ನವೆಂಬರ್‌ನಲ್ಲಿ, ಅಧ್ಯಕ್ಷ ರುಟೊ ಅದನ್ನು ಕೈಬಿಟ್ಟರು. ಭಾರತ ಸರ್ಕಾರ ಆಫ್ರಿಕಾಕ್ಕೆ ಕೊಡುವ ಸಾಲದಲ್ಲೂ ಸಾಮಾನ್ಯವಾಗಿ ಶೇ. 75ರಷ್ಟು ಸರಕು, ಕೆಲಸ ಭಾರತದಿಂದಲೇ ಬರಬೇಕು ಅನ್ನುವ ನಿಯಮವಿದೆ. ಚೀನಾವನ್ನು ಬೈಯುವ ನಮ್ಮವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಪಶ್ಚಿಮದ ಮಾರುಕಟ್ಟೆಯೂ ಧರ್ಮಕ್ಕೆ ಕೊಡುತ್ತಿಲ್ಲ. 2024ರ ಫೆಬ್ರುವರಿಯಲ್ಲಿ ಕೀನ್ಯಾ ಹಳೆ ಬಾಂಡ್ ತೀರಿಸಲು 150 ಕೋಟಿ ಡಾಲರ್ ಎತ್ತಿದಾಗ ಬಡ್ಡಿ ಶೇ. 10ರ ಹತ್ತಿರವಿತ್ತು. ಅದೇ ವರ್ಷ ಜೂನ್‌ನಲ್ಲಿ, ಇಂಥ ಸಾಲದ ಹೊರೆಯ ನಡುವೆ ತಂದ ಹೊಸ ತೆರಿಗೆಯ ವಿರುದ್ಧ ಬೀದಿಗೆ ಬಂದ ಹುಡುಗ ಹುಡುಗಿಯರಲ್ಲಿ ಹಲವರು ಗುಂಡಿಗೆ ಸತ್ತರು. ಆಮೇಲೆ ಸರ್ಕಾರ ಆ ತೆರಿಗೆ ಮಸೂದೆ ಹಿಂದಕ್ಕೆ ತೆಗೆದುಕೊಂಡಿತು.

2025ರಲ್ಲಿ ರೈಲಿನ ಸಾಲವನ್ನು ಡಾಲರ್‌ನಿಂದ ಚೀನಾದ ದುಡ್ಡಾದ ಯುವಾನ್‌ಗೆ ಬದಲಿಸಿದರು. ಬಡ್ಡಿ ಇಳಿಯಿತು, ಒಳ್ಳೆಯದೇ. ಮಲಬಾ ತನಕ ಹಳಿ ಮುಂದುವರಿಸುವ ಮಾತೂ ಎದ್ದಿದೆ, ರೈಲ್ವೆ ಸುಂಕದ ಮುಂದಿನ ಆದಾಯ ತೋರಿಸಿ ಹಣ ಎತ್ತುವ ಯೋಚನೆಯಿದೆ. ಈ ಸಲ ಸಹಿಗೆ ಮೊದಲೇ ಒಪ್ಪಂದ ಸಂಸತ್ತಿನ ಮುಂದೆ ಬರಲಿ. ಬಡ್ಡಿ ಎಷ್ಟು, ಯಾವ ದುಡ್ಡಿನಲ್ಲಿ, ಜಗಳವಾದರೆ ಯಾವ ಊರಿನಲ್ಲಿ ತೀರ್ಮಾನ ಅನ್ನುವುದು ಸ್ವಾಹಿಲಿ ಪತ್ರಿಕೆಗಳಲ್ಲೂ ಅಚ್ಚಾಗಲಿ.