ಕರೆದಾಗ ಬರುವ ವಿಮಾನ

ಮಿಷನರಿಗಳ ವಿಮಾನಸೇವೆ ಎಂದೊಡನೆ ನಮ್ಮಲ್ಲಿ ಮಾತು ನೇರವಾಗಿ ಮತಾಂತರದ ಪ್ರಶ್ನೆಗೆ ಹೋಗಿ ನಿಲ್ಲುತ್ತದೆ. ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದು ಇನ್ನೊಂದಿದೆ ಎಂದು ನನಗೆ ಅನ್ನಿಸುತ್ತದೆ: ಆ ವಿಮಾನವನ್ನು ಕರೆದವರು ಯಾರು?

ಪಪುವಾ ನ್ಯೂಗಿನಿಯನ್ನು ನೋಡಿ. 800ಕ್ಕೂ ಹೆಚ್ಚು ಭಾಷೆಗಳಿರುವ ಆ ದೇಶದ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಒಳನಾಡಿನ ಮಲೆಸೀಮೆಗೆ ಇಂದಿಗೂ ರಸ್ತೆಯಿಲ್ಲ. ಮಿಷನ್ ಏವಿಯೇಷನ್ ಫೆಲೋಶಿಪ್ ಎಂಬ ಕ್ರೈಸ್ತ ಸಂಸ್ಥೆ 1951ರಿಂದ ಅಲ್ಲಿ ಸಣ್ಣ ವಿಮಾನಗಳನ್ನು ಹಾರಿಸುತ್ತಿದೆ. (1946ರಲ್ಲಿ ಈ ಸಂಸ್ಥೆಯ ಮೊದಲ ಹಾರಾಟ ನಡೆಸಿದ್ದು ಬೆಟ್ಟಿ ಗ್ರೀನ್ ಎಂಬ ಮಹಿಳೆ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.) ಬೆಟ್ಟದ ಮೈಯನ್ನು ಗುದ್ದಲಿ ಸಲಿಕೆಗಳಿಂದ ಅಗೆದು, ಕಲ್ಲು ಹೊತ್ತು, ಹಲವೆಡೆ ವರ್ಷಗಟ್ಟಲೆ ದುಡಿದು ರನ್‌ವೇ ಸಿದ್ಧಪಡಿಸಿದವರು ಊರಿನವರೇ. ಇಂಥ ಇಳಿಜಾರಿನ ರನ್‌ವೇಗಳಲ್ಲಿ ವಿಮಾನ ದಿಬ್ಬದ ಕಡೆಗೆ ಮುಖ ಮಾಡಿ ಇಳಿಯಬೇಕು, ಹೊರಡುವಾಗ ಇಳಿಜಾರಿನಲ್ಲಿ ಓಡಿ ಮೇಲೇರಬೇಕು. ಎದುರಿಗೆ ಬೆಟ್ಟವೇ ನಿಂತಿರುವುದರಿಂದ ಒಂದು ಹಂತ ದಾಟಿದ ಮೇಲೆ ಪೈಲಟ್ ಇಳಿಯುವುದು ಬೇಡವೆಂದು ತಿರುಗುವಂತಿಲ್ಲ. ಲಸಿಕೆ, ಶಾಲಾ ಪುಸ್ತಕ, ಉಪ್ಪು, ತಗಡಿನ ಶೀಟುಗಳನ್ನು ತಂದ ಸೆಸ್ನಾ ಕ್ಯಾರವಾನ್ ಎಂಬ ಸಣ್ಣ ವಿಮಾನ ಮರಳುವಾಗ ಕಾಫಿ ಚೀಲಗಳನ್ನೋ ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನೋ ಹೊತ್ತೊಯ್ಯುತ್ತದೆ. ಇಷ್ಟು ಬೆವರು ಸುರಿಸಿ ರನ್‌ವೇ ಮಾಡಿಕೊಂಡವರನ್ನು, ದೂರದಲ್ಲಿ ಕುಳಿತು, ಆಮಿಷಕ್ಕೆ ಬಿದ್ದ ಮುಗ್ಧರೆನ್ನುವುದು ಅವರಿಗೆ ಮಾಡುವ ಅವಮಾನ.

ಇದೇ ಸಂಸ್ಥೆಯ ಇತಿಹಾಸದಲ್ಲಿ ಕರೆಯದಲ್ಲಿಗೆ ಹೋದ ವಿಮಾನವೂ ಇದೆ. 1955ರಲ್ಲಿ ಈಕ್ವೆಡಾರಿನ ಕಾಡಿನಲ್ಲಿ, ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳದ ವಾವೊರಾನಿ ಜನರ ವಸತಿಯ ಮೇಲೆ ಪೈಲಟ್ ನೇಟ್ ಸೇಂಟ್ ಸುತ್ತು ಹಾಕುತ್ತ, ಉದ್ದನೆಯ ಹಗ್ಗದಲ್ಲಿ ಬಕೆಟ್ ಇಳಿಬಿಟ್ಟು ಉಡುಗೊರೆಗಳನ್ನು ಕಳಿಸಿದರು. ಕೆಳಗಿನವರೂ ಅದೇ ಬಕೆಟ್‌ನಲ್ಲಿ ಮರುಉಡುಗೊರೆ ಇಟ್ಟರು. ಅದನ್ನು ಆಹ್ವಾನವೆಂದು ಬಗೆದು ನದಿಯ ಮರಳದಂಡೆಯಲ್ಲಿ ಇಳಿದ ಸೇಂಟ್ ಮತ್ತು ಅವರ ನಾಲ್ವರು ಸಂಗಡಿಗರು 1956ರ ಜನವರಿ 8ರಂದು ಕೊಲೆಯಾದರು. ಮುಂದೆ ಮಿಷನ್ ನೆಲೆಯಲ್ಲಿ ಬಂದು ಸೇರಿದ ವಾವೊರಾನಿಗಳಲ್ಲಿ 1969ರಲ್ಲಿ ಪೋಲಿಯೊ ಹರಡಿ ಸಾವುಗಳಾದವು. ಸತ್ತ ಐವರ ಧೈರ್ಯದ ಬಗ್ಗೆ ನನಗೆ ಗೌರವವಿದೆ. ಆದರೂ ಅವರು ಅಲ್ಲಿ ಇಳಿದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಕರೆಯುವ ಸಾಧನವನ್ನು ಜನರ ಕೈಗೇ ಕೊಟ್ಟ ಮಾದರಿ ಆಸ್ಟ್ರೇಲಿಯಾದಲ್ಲಿದೆ. ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ಫ್ಲಿನ್ 1928ರಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ಹಾರುವ ವೈದ್ಯರ ಸೇವೆಯನ್ನು ಆರಂಭಿಸಿದರು. ವಿದ್ಯುತ್ತಿಲ್ಲದ ದೂರದ ಮನೆಗಳಿಂದ ವೈದ್ಯರನ್ನು ಕರೆಯುವುದು ಹೇಗೆ? ಆಲ್ಫ್ರೆಡ್ ಟ್ರೇಗರ್ ಕಾಲಿನಿಂದ ಪೆಡಲ್ ತುಳಿದು ನಡೆಸುವ ರೇಡಿಯೊ ರೂಪಿಸಿದರು. 1929ರಿಂದ ಅದು ಬಳಕೆಗೆ ಬಂತು. 1930ರ ದಶಕದಲ್ಲಿ ಆ ಸೇವೆ ಚರ್ಚಿನ ಕೈಯಿಂದ ಸಾರ್ವಜನಿಕ ಸಂಸ್ಥೆಯ ಕೈಗೆ ಹೋಯಿತು. ರೋಗಿ ಯಾವ ದೇವರನ್ನು ನಂಬುತ್ತಾನೆಂಬ ಅನುಮಾನಕ್ಕೂ ಎಡೆಯಿಲ್ಲದಂತೆ ಸೇವೆ ಹೀಗೆ ಕೈದಾಟಬೇಕು ಎಂಬುದೇ ನನ್ನ ವಾದ.

ಪಪುವಾ ನ್ಯೂಗಿನಿಯ ಮಲೆಗಳಲ್ಲಿ ಮಳೆ ಬಂದರೆ ರನ್‌ವೇಯ ಮಣ್ಣು ಕೊಚ್ಚಿಹೋಗುತ್ತದೆ, ಹುಲ್ಲು ಆಳೆತ್ತರ ಬೆಳೆಯುತ್ತದೆ. ಅದನ್ನು ಸವರಿ, ಚರಂಡಿ ತೋಡಿ ಸರಿಯಾಗಿ ಇಟ್ಟುಕೊಳ್ಳದಿದ್ದರೆ ವಿಮಾನ ಇಳಿಯುವುದಿಲ್ಲ. ಈ ಕೆಲಸಕ್ಕೆ ಊರಿನವರಿಗೆ ಸರ್ಕಾರವೇ ಕೂಲಿ ಕೊಡಬೇಕು, ತುರ್ತು ರೋಗಿಯ ಹಾರಾಟದ ಪೂರ್ತಿ ವೆಚ್ಚವನ್ನೂ ಅದೇ ಹೊರಬೇಕು.