ಅರವತ್ತು ದಿನದ ಲೆಕ್ಕ

ಮೊನ್ನೆ ನೆಂಟರೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತವರು ನಿವೃತ್ತ ಎಂಜಿನಿಯರ್, ದೂರದ ಸಂಬಂಧದಲ್ಲಿ ನನಗೆ ಭಾವ. ಮಾತು ಹೇಗೋ ಪಶ್ಚಿಮ ಘಟ್ಟದ ಊರುಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಸಾರಲು ಕೇಂದ್ರ ಹೊರಡಿಸಿದ ಕರಡು ಅಧಿಸೂಚನೆಯ ಕಡೆ ಹೊರಳಿತು. ಸಾರು ಅನ್ನ ಕಲಸುತ್ತಲೇ ಹೇಳಿದರು: "ಸರ್ಕಾರ ಅರವತ್ತು ದಿನ ಕೊಟ್ಟಿತ್ತಲ್ಲ ಮಾರಾಯ, ತಕರಾರು ಇದ್ದವರು ಬರೆದು ಕಳಿಸಬಹುದಿತ್ತು. ಆಗ ಸುಮ್ಮನಿದ್ದು ಈಗ ಕೂಗಿದರೆ ಏನು ಬಂತು?" ಅಷ್ಟರಲ್ಲಿ ಹೋಳಿಗೆ ಬಂತು. ಹೋಳಿಗೆಯ ಎದುರು ವಾದ ಮಾಡುವಷ್ಟು ಗಟ್ಟಿ ಮನುಷ್ಯ ನಾನಲ್ಲ. ಅಂದು ಹೇಳದೆ ಉಳಿದ ಉತ್ತರ ಇದು. ಭಾವ ಫೇಸ್‌ಬುಕ್ಕಿನಲ್ಲಿದ್ದಾರೆ, ಓದಲಿ.

ಅರವತ್ತು ದಿನದ ಮಾತು ಸುಳ್ಳೇನಲ್ಲ. ಭೋಪಾಲದ ಅನಿಲ ದುರಂತದ ಬೆನ್ನಿಗೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರಡಿ ಮಾಡಿದ ನಿಯಮಗಳಲ್ಲಿ ಐದನೆಯದು, ಯಾವುದೇ ಪ್ರದೇಶದಲ್ಲಿ ಉದ್ದಿಮೆಗಳಿಗೆ ಕಡಿವಾಣ ಹಾಕುವ ಮೊದಲು ಕೇಂದ್ರ ಸರ್ಕಾರ ತನ್ನ ಉದ್ದೇಶವನ್ನು ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ, ಪ್ರಕಟಿಸಬೇಕು, ಅರವತ್ತು ದಿನದೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು ಎನ್ನುತ್ತದೆ. ಒಳ್ಳೆಯ ನಿಯಮವೇ. ಆದರೆ ನಮ್ಮ ಪಂಚಾಯಿತಿಯ ನೋಟಿಸ್ ಬೋರ್ಡಿನಲ್ಲಿ ನಾನು ಇದುವರೆಗೆ ಕಂಡದ್ದು ಮನೆ ಕಂದಾಯದ ಬಾಕಿ ಪಟ್ಟಿ, ಜಾನುವಾರು ಲಸಿಕೆಯ ಶಿಬಿರ, ಹೋದ ವರ್ಷದ ಗ್ರಾಮಸಭೆಯ ಚೀಟಿ. ಕೇಂದ್ರದ ರಾಜ್ಯಪತ್ರ ಅಲ್ಲಿಗೆ ಒಮ್ಮೆಯೂ ಬಂದಿಲ್ಲ.

2020ರ ಇಐಎ, ಅಂದರೆ ಪರಿಸರ ಪರಿಣಾಮ ಅಂದಾಜಿನ, ಕರಡಿನ ಕತೆ ನೆನಪಿದೆಯೇ? ಗಣಿ, ಅಣೆಕಟ್ಟು, ಕಾರ್ಖಾನೆ ಯಾವುದೇ ಬರಲಿ, ಅದರಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಮೊದಲೇ ಅಳೆದು ನೋಡುವ ವ್ಯವಸ್ಥೆ ಅದು. 2006ರ ಅಧಿಸೂಚನೆಯ ಜಾಗಕ್ಕೆ ಹೊಸದನ್ನು ತರಲು ಹೊರಟ ಕರಡು ಏಪ್ರಿಲ್ 11ರಂದು ರಾಜ್ಯಪತ್ರದಲ್ಲಿ ಬಂತು. ಲಾಕ್‌ಡೌನ್ ಆಗಿ ಮೂರು ವಾರವೂ ಕಳೆದಿರಲಿಲ್ಲ. ಪೇಟೆಗೆ ಹೋಗಿ ಮೈಲುತುತ್ತು ತರುವುದಕ್ಕೂ ಪೊಲೀಸರಿಗೆ ಕಾರಣ ಹೇಳಬೇಕಾದ ಕಾಲ. ಒಳಗೆ ಏನಿತ್ತು ಎಂದರೆ, ಅನುಮತಿ ಇಲ್ಲದೆ ಶುರುವಾದ ಯೋಜನೆಗೂ ಆಮೇಲೆ ಅನುಮತಿ ಕೊಡುವ ದಾರಿ ಇತ್ತು. ಅಹವಾಲು ಸಭೆಗೆ ಮೂವತ್ತು ದಿನ ಮೊದಲು ಕೊಡಬೇಕಿದ್ದ ನೋಟಿಸು ಇಪ್ಪತ್ತಕ್ಕೆ ಇಳಿದಿತ್ತು. ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಬೇರೆ: ನಿಯಮ ಉಲ್ಲಂಘನೆಯಾಗಿದೆ ಎಂದು ವರದಿ ಮಾಡುವವರು ಒಂದೋ ಸರ್ಕಾರಿ ಸಂಸ್ಥೆ, ಇಲ್ಲವೇ ಉಲ್ಲಂಘಿಸಿದವರೇ! ಪಕ್ಕದ ಮನೆಯಲ್ಲಿ ಕಳವಾದರೆ ಕಳ್ಳನೇ ಠಾಣೆಗೆ ಹೋಗಿ ದೂರು ಕೊಡಬೇಕು, ನಾವು ನೋಡಿದ್ದರೂ ಲೆಕ್ಕಕ್ಕಿಲ್ಲ.

ಆ ಕರಡು ಬಂದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಬೆಂಗಳೂರಿನ ಕೆಲಸ ಮನೆಯಿಂದಲೇ ಆಗಿ ತಂಗಿಯ ಮಗ ಬಂದು ನಮ್ಮ ಅಟ್ಟದ ಮೂಲೆಯಲ್ಲಿ ಲ್ಯಾಪ್‌ಟಾಪ್ ಹರಡಿಕೊಂಡಿದ್ದ, ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. "ಮಾವ, ಇದನ್ನು ಒತ್ತಿ, ಪತ್ರ ಸಿದ್ಧವಿದೆ, ನೇರ ಸಚಿವಾಲಯಕ್ಕೆ ಹೋಗುತ್ತದೆ" ಎಂದ. ಒತ್ತಿದೆ. ಇಂಗ್ಲಿಷಿನ ಉದ್ದನೆಯ ಪತ್ರ, ಕೆಳಗೆ ನನ್ನ ಹೆಸರು. ಒಳಗೆ ಏನು ಬರೆದಿದೆ ಎಂದು ನಾನು ಓದಿದ್ದು ಎರಡು ತಿಂಗಳ ನಂತರ. ಲಕ್ಷಗಟ್ಟಲೆ ಮಿಂಚಂಚೆ ಹೋದವು ಎಂದು ಪತ್ರಿಕೆಯಲ್ಲಿ ಬಂದಾಗ ಎಲ್ಲರಂತೆ ನಾನೂ ಬೀಗಿದೆ. ಓದದೆ ಕಳಿಸಿದ ನಾನು, ಓದದೆ ಬದಿಗಿಟ್ಟವರನ್ನು ಯಾವ ಬಾಯಲ್ಲಿ ಬೈಯಲಿ?

ನ್ಯಾಯಾಲಯಗಳು ಓದಿದವು. ದಿಲ್ಲಿ ಹೈಕೋರ್ಟ್ ಜೂನ್ 30ರಂದು ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿ, ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಿಗೆಲ್ಲ ಕರಡನ್ನು ಅನುವಾದಿಸಿ ಎಂದಿತು. ನಮ್ಮ ಹೈಕೋರ್ಟಿನಲ್ಲಿ ಬೆಂಗಳೂರಿನ ಟ್ರಸ್ಟ್ ಒಂದು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ, ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆ ಹಾಕಿತು. ಅನುವಾದ ಮಾಡಲು ಹೇಳಿದ್ದಕ್ಕೆ ಕೇಂದ್ರ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ರಾಜಭಾಷಾ ಕಾಯ್ದೆಯ ಪ್ರಕಾರ ಹಿಂದಿ ಮತ್ತು ಇಂಗ್ಲಿಷ್ ಸಾಕು ಎಂಬುದು ಅದರ ವಾದ. ಕನ್ನಡಕ್ಕೆ ತರಿಸುವ ಖರ್ಚಿಗಿಂತ ತರಿಸುವುದಿಲ್ಲ ಎಂದು ವಾದಿಸುವ ವಕೀಲರ ಖರ್ಚು ಕಡಿಮೆ ಇರಬೇಕು. ಮೇಲಿನ ನ್ಯಾಯಾಲಯ ಅವರನ್ನು ಮತ್ತೆ ದಿಲ್ಲಿ ಹೈಕೋರ್ಟಿಗೇ ಕಳಿಸಿತು. ಕೊನೆಗೆ ಆ ಕರಡು ಅಂತಿಮವಾಗಲೇ ಇಲ್ಲ.

ಇದರೊಳಗಿನ ವಿಚಿತ್ರ ಕೇಳಿ. ಅದೇ 2006ರ ಅಧಿಸೂಚನೆಯ ಪ್ರಕಾರ ನಮ್ಮೂರಿನ ಪಕ್ಕ ಒಬ್ಬ ದೊಡ್ಡ ಗಣಿ ತೆರೆಯಲು ಬಂದು ಅಹವಾಲು ಸಭೆ ನಡೆಯಬೇಕಾದರೆ, ಅವನು ತನ್ನ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕು. ಗಣಿಯವನಿಗೆ ಕನ್ನಡ ಕಡ್ಡಾಯ. ಅಂಥ ಸಾವಿರ ಗಣಿಗಳ ಹಣೆಬರಹ ಬರೆಯುವ ಕಾನೂನಿಗೆ ಕನ್ನಡ ಬೇಡ.

ಕೇಳುವುದನ್ನೇ ತಪ್ಪಿಸುವ ಒಳದಾರಿಯೂ ಅದೇ ಐದನೆಯ ನಿಯಮದಲ್ಲಿದೆ. ಸಾರ್ವಜನಿಕ ಹಿತಾಸಕ್ತಿ ಎಂದು ತೋರಿದರೆ ಸರ್ಕಾರ ಪ್ರಕಟಣೆಯನ್ನು ಬಿಟ್ಟುಬಿಡಬಹುದು. ಲಾಕ್‌ಡೌನಿನ ಮೊದಲ ವಾರ, 2020ರ ಮಾರ್ಚ್ 28ರಂದು, ರಸ್ತೆಯಂಥ ಯೋಜನೆಗಳಿಗೆ ಮಣ್ಣು ತೆಗೆಯಲು ಪರಿಸರ ಅನುಮತಿ ಬೇಡ ಎಂಬ ವಿನಾಯಿತಿ ಹೀಗೆ ಸದ್ದಿಲ್ಲದೆ ಬಂತು. ದೇಶವೇ ಮನೆಯೊಳಗಿದ್ದಾಗ ಗುಡ್ಡದ ಮಣ್ಣಿಗೆ ಅಷ್ಟೊಂದು ಅವಸರ! ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2024ರ ಮಾರ್ಚಿನಲ್ಲಿ, ನಾಲ್ಕು ವರ್ಷದ ಮಣ್ಣು ಹೋದ ಮೇಲೆ. ಆ ಪೀಠದಲ್ಲಿಯೂ ಓಕಾ ಅವರಿದ್ದರು. 2025ರ ಮೇ ತಿಂಗಳಲ್ಲಿ, ಯೋಜನೆ ಶುರುವಾದ ಮೇಲೆ ಅನುಮತಿ ಕೊಡುವ ಪದ್ಧತಿಯೇ ತಪ್ಪು ಎಂದ ಪೀಠದಲ್ಲಿಯೂ ಇದ್ದರು. ಅವರು ನಿವೃತ್ತರಾದರು, ನವೆಂಬರಿನಲ್ಲಿ ಬೇರೆ ಪೀಠ ಎರಡಕ್ಕೆ ಒಂದು ಮತದಿಂದ ಆ ತೀರ್ಪನ್ನು ಹಿಂದಕ್ಕೆ ಪಡೆಯಿತು.

ಈಗ ಭಾವನ ಪ್ರಶ್ನೆಗೆ ಬರುತ್ತೇನೆ. ಪಶ್ಚಿಮ ಘಟ್ಟದ ಆರನೆಯ ಕರಡು 2024ರ ಜುಲೈ 31ರದು. ಹಿಂದಿನ ದಿನವಷ್ಟೇ ವಯನಾಡಿನಲ್ಲಿ ಗುಡ್ಡ ಕುಸಿದಿತ್ತು, ಅದಕ್ಕೆ ಎರಡು ವಾರ ಮೊದಲು ನಮ್ಮ ಉತ್ತರ ಕನ್ನಡ ಜಿಲ್ಲೆಯದೇ ಶಿರೂರಿನಲ್ಲಿ. ಆರು ರಾಜ್ಯಗಳ 56,825 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ, ಅದರಲ್ಲಿ ನಮ್ಮ ಪಾಲು 20,668, ಎಲ್ಲರಿಗಿಂತ ದೊಡ್ಡದು. ಆ ಅರವತ್ತು ದಿನ ಎಂದರೆ ಆಗಸ್ಟ್ ಮತ್ತು ಸೆಪ್ಟೆಂಬರ್. ಮಲೆನಾಡಿನಲ್ಲಿ ಆ ದಿನಗಳು ಹೇಗಿರುತ್ತವೆ ಎಂದು ಬೆಂಗಳೂರಿನ ಭಾವನಿಗೆ ಮರೆತಿರಬಹುದು. ಅಡಿಕೆಗೆ ಕೊಳೆ ಬಿದ್ದಿತ್ತು. ಒಂದು ದಿನ ಮಳೆ ಹೊಳವು ಕೊಟ್ಟರೆ ಎರಡನೆಯ ಸುತ್ತು ಔಷಧಿ ಹೊಡೆಸಬೇಕು, ಮರ ಹತ್ತುವ ಕೊನೆಗೌಡ ಊರಿಗೆಲ್ಲ ಒಬ್ಬನೇ. ಕರೆಂಟು ಹೋದರೆ ಮೂರು ದಿನ, ಅದರ ಹಿಂದೆ ಟವರಿನ ಬ್ಯಾಟರಿಯೂ ಸಾಯುತ್ತದೆ. 2022ರ ಐದನೆಯ ಕರಡೂ ಜುಲೈಯಲ್ಲೇ ಬಂದಿತ್ತು. ಮಳೆಗಾಲಕ್ಕೂ ಕರಡಿಗೂ ಏನು ನಂಟೋ.

ಅಂತೂ ಒಂದು ರಾತ್ರಿ ಕಡತ ಮೊಬೈಲಿಗೆ ಇಳಿಯಿತು. ಮೂಗಿಗೆ ಕನ್ನಡಕ ಏರಿಸಿ ಹಳ್ಳಿಗಳ ಪಟ್ಟಿಯಲ್ಲಿ ನಮ್ಮೂರನ್ನು ಹುಡುಕಿದೆ. ನಮ್ಮೂರಿನ ಹೆಸರಿನಲ್ಲಿ ಒಂದು ಣ, ಒಂದು ಳ. ಇಂಗ್ಲಿಷಿಗೆ ದಾಟುವಾಗ ಎರಡೂ ಹೊಳೆಪಾಲಾಗಿವೆ. ಉಳಿದ ಅಕ್ಷರಗಳನ್ನು ಹೇಗೆ ಓದಿದರೂ ತಾಲ್ಲೂಕಿನ ಇನ್ನೊಂದು ಊರಿನ ಹೆಸರಾಗುತ್ತದೆ. ಮುಕ್ಕಾಲು ಗಂಟೆ ಕಳೆದು, ಹಿಂದಿನ ಮುಂದಿನ ಊರುಗಳ ಲೆಕ್ಕ ಹಿಡಿದು, ಇದು ನಾವೇ ಎಂದು ಖಾತ್ರಿ ಮಾಡಿಕೊಂಡೆ.

ಮರುದಿನ ಸೊಸೈಟಿಯ ಜಗುಲಿಯಲ್ಲಿ ವಿಷಯ ಎತ್ತಿದರೆ, ಎಲ್ಲರಿಗೂ ನನಗಿಂತ ಹೆಚ್ಚು ಗೊತ್ತಿತ್ತು! ಊರಿಗೆ ಊರೇ ಎಬ್ಬಿಸುತ್ತಾರಂತೆ. ತೋಟಕ್ಕೆ ಔಷಧಿ ಹೊಡೆಯುವಂತಿಲ್ಲವಂತೆ. ಹೆಂಚು ಬದಲಿಸಲೂ ದಿಲ್ಲಿಗೆ ಅರ್ಜಿ ಹಾಕಬೇಕಂತೆ. ಗಣಿ, ಕಲ್ಲುಕ್ವಾರಿ, ಮರಳು ಬಂದ್, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕಾರ್ಖಾನೆ ಬೇಡ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಬೇಡ ಎಂದಿದೆ, ಮನೆ ರಿಪೇರಿಗೆ ಅಡ್ಡಿ ಇಲ್ಲ ಎಂದೆ. "ನೀನು ಯಾರ ಕಡೆ?" ಎಂದರು ಒಬ್ಬರು. ಹತ್ತು ವರ್ಷದಿಂದ ನಮಗೆ ಕರಡನ್ನು ಕನ್ನಡದಲ್ಲಿ ಕೊಟ್ಟವರು ಭಾಷಣಕಾರರು ಮಾತ್ರ. ಅವರ ಅನುವಾದ ಅವರಿಗೆ ಬೇಕಾದಂತೆ ಇತ್ತು. ಘಟ್ಟದ ಬಗ್ಗೆ ಕೇಂದ್ರ ನೇಮಿಸಿದ್ದ ಮೊದಲ ಸಮಿತಿಯ ಅಧ್ಯಕ್ಷರಾಗಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್, ತಮ್ಮ ವರದಿಯನ್ನು ಆಯಾ ಭಾಷೆಯಲ್ಲಿ ಗ್ರಾಮಸಭೆಗಳ ಮುಂದಿಡಿ ಎಂದು ಹೇಳುತ್ತಲೇ ಬಂದಿದ್ದರು. ಅದೊಂದು ಆಗಿದ್ದರೆ ಜಗುಲಿಯ ಜಗಳಕ್ಕೆ ಒಂದು ತಳಹದಿಯಾದರೂ ಇರುತ್ತಿತ್ತು.

ನನಗೂ ತಕರಾರು ಇತ್ತು, ಇಲ್ಲವೆನ್ನುವುದಿಲ್ಲ. ಊರಿನ ಐದರಲ್ಲೊಂದು ಪಾಲು ಸೂಕ್ಷ್ಮವೆಂದು ಕಂಡರೆ ಇಡೀ ಊರು ಪಟ್ಟಿಗೆ ಸೇರುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಉಪಗ್ರಹಕ್ಕೆ ಅಡಿಕೆ ತೋಟವೂ ಹಸಿರು, ಕಾಡೂ ಹಸಿರು. ಮನೆ ಕಟ್ಟಲು ನಾಲ್ಕು ಲೋಡು ಚಿರೇಕಲ್ಲು ತೆಗೆಯುವವನನ್ನೂ ಗುಡ್ಡ ನುಂಗುವ ಕ್ವಾರಿಯವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ದೊಡ್ಡ ಗಣಿ ನಿಲ್ಲಬೇಕು ಎಂಬುದಕ್ಕೆ ಮಾತ್ರ ನನ್ನ ಎರಡೂ ಕೈ ಮೇಲೆ. ಇಷ್ಟನ್ನು ಈ ಸಲ ನಾನೇ ಬರೆದೆ, ಮೂರು ಹಾಳೆ, ಕನ್ನಡದಲ್ಲಿ. ತಂಗಿಯ ಮಗ ಇಂಗ್ಲಿಷ್ ಮಾಡಿಕೊಡುತ್ತೇನೆ ಎಂದ, ಬೇಡವೆಂದೆ. ಓದಿಸಿಕೊಳ್ಳುವ ಕಷ್ಟ ಒಂದು ಸಲ ಅವರಿಗೂ ಇರಲಿ.

ಸೆಪ್ಟೆಂಬರಿನ ಕೊನೆಗೆ ನಮ್ಮ ರಾಜ್ಯದ ಸಂಪುಟ ಆ ಕರಡನ್ನು ಸಾರಾಸಗಟಾಗಿ ತಿರಸ್ಕರಿಸಿತು. ಅದಕ್ಕೂ ಮೊದಲು ಈ ಊರಿನವರನ್ನು ಯಾರೂ ಕೇಳಲಿಲ್ಲ.

ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೆ. ಉತ್ತರ ಬಂದಿಲ್ಲ. ಸ್ವೀಕೃತಿಯ ಕಾರ್ಡು ಮಾತ್ರ ಮೂರು ವಾರದ ಮೇಲೆ ಬಂತು, ಮಳೆಗೆ ಅರ್ಧ ನೆನೆದು, ಮೇಲೆ ಹಿಂದಿಯ ಮೊಹರು, ಯಾರದೋ ಒಂದು ಗೀಚು ಸಹಿ. ಅಡಿಕೆ ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದೇನೆ. ಭಾವ ಮನೆಗೆ ಬಂದಾಗ ತೋರಿಸುತ್ತೇನೆ.